ಕೂರದ ಸೀಟು

ಸೋಮವಾರ ಬೆಳಿಗ್ಗೆ ಶಾಲಾ ಬಸ್ಸಿನ ಚಾಲಕಿ ಮತ್ತೆ ಠಾಣೆಗೆ ಬಂದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಹೋದ್ಸಲ ಸೆಕ್ಷನ್ನೇ ಇಲ್ಲ ಅಂದ್ರಿ ಸಾರ್. ಈಗ್ಲಾದ್ರೂ ಇದ್ಯಾ?"

"ಇದೆ ತಾಯಿ. ಈ ತಿಂಗಳ ಒಂದನೇ ತಾರೀಖಿಂದ ಜಾರಿಗೆ ಬಂದಿದೆ," ಎಂದರು ಇನ್‌ಸ್ಪೆಕ್ಟರ್. ಅಂದು ಅವಳನ್ನು ಬರಿಗೈಯಲ್ಲಿ ಕಳಿಸಿದ್ದು ಅವರ ಗಂಟಲಲ್ಲಿ ಮುಳ್ಳಾಗಿ ಉಳಿದಿತ್ತು.

ಹೋದ ತಿಂಗಳು, ಬಸ್ಸಿನಲ್ಲಿ ಕೂತು ಅವಳು ಬಾಟಲಿ ಎತ್ತಿ ಹೆಂಡ ಕುಡಿಯುವಂತೆ ತೋರಿಸುವ ನಕಲಿ ವಿಡಿಯೊ ಪೋಷಕರ ಫೋನುಗಳಲ್ಲಿ ಹರಿದಾಡಿ ಕೆಲಸಕ್ಕೆ ಕುತ್ತು ತಂದಿತ್ತು. ಶಾಲೆಯವರು ಮನಸ್ಸು ಕರಗಿ ವಾಪಸ್ ಕರೆಯುವಷ್ಟರಲ್ಲಿ ನಿನ್ನೆ ಅಂಥದೇ ಎರಡನೆಯದು ಬಂತು.

ಇನ್ನೊಬ್ಬರ ಮುಖ ಅಂಟಿಸಿ ಮಾನ ಕಳೆಯುವ ವಿಡಿಯೊ ಮಾಡುವುದೇ ಅಪರಾಧವೆಂದು ಸರ್ಕಾರ ಹಳೆಯ ಕಾನೂನನ್ನು ತಿದ್ದಿತ್ತು. ಎಫ್‌ಐಆರ್ ಆಯಿತು.

"ಕಾನೂನು ಬರೋಕೆ ಮುಂಚೇನೇ ಮಾಡಿಟ್ಟಿದ್ದು ಅಂದ್ಬಿಟ್ರೆ?" ಎಂದ ಕಾನ್‌ಸ್ಟೇಬಲ್.

ಕಾನೂನಿಗೆ ಹಿಂದಕ್ಕೆ ನಡೆಯಲು ಬರುವುದಿಲ್ಲ. ಅದು ಇನ್‌ಸ್ಪೆಕ್ಟರಿಗೂ ಗೊತ್ತು. ಅವರು ಎರಡನೇ ವಿಡಿಯೊ ಹಾಕಿ ಫೋನನ್ನು ಚಾಲಕಿಯ ಕಡೆ ತಿರುಗಿಸಿದರು.

"ನಿಧಾನಕ್ಕೆ ನೋಡಮ್ಮ. ನಿನ್ ಬಸ್ಸೇನಾ?"

"ಬಸ್ಸು ನಂದೇ. ಸೀಟು ಯಾರ್ದು? ನಂದು ಹರಿದ ಕಪ್ಪು ರೆಕ್ಸಿನ್. ಎಷ್ಟು ಬಾಯಿ ಬಡ್ಕೊಂಡ್ರೂ ಬದಲಾಯಿಸ್ಲಿಲ್ಲ. ಈ ಕೆಂಪು ಬಟ್ಟೆ ನಾನು ಕಂಡೇ ಇಲ್ಲ!"

ಮಧ್ಯಾಹ್ನ ಬಸ್ ಶೆಡ್ಡಿನಲ್ಲಿ ಪಂಚನಾಮೆ ನಡೆಯಿತು. ಕೆಂಪು ಬಟ್ಟೆ ಹೊಲಿದವನು ಸಾಕ್ಷಿ ಹೇಳಿದ: ಸೀಟಿಗೆ ಹಾಕಿದ್ದು ಈ ತಿಂಗಳ ಮೂರನೇ ತಾರೀಖು. ಅಂದರೆ ವಿಡಿಯೊ ತೆಗೆದದ್ದು ಕಾನೂನು ಬಂದ ಮೇಲೆ. ಅಷ್ಟು ಹೊತ್ತಿಗೆ ಚಾಲಕಿ ಕೆಲಸ ಕಳೆದುಕೊಂಡು ಮನೆಯಲ್ಲಿದ್ದಳು.

"ಆಮೇಲೆ ಬಸ್ಸಿನ ಬೀಗದ ಕೈ ಯಾರ ಹತ್ರ ಇತ್ತು?" ಎಂದು ಇನ್‌ಸ್ಪೆಕ್ಟರ್ ಕೇಳಿದರು.

ಶೆಡ್ಡಿನ ಮೇಲ್ವಿಚಾರಕ ಮೂಲೆಯತ್ತ ನೋಡಿದ. ಅಲ್ಲಿ ಬದಲಿ ಚಾಲಕ ನಿಂತಿದ್ದ. ಊರಿಗೆಲ್ಲ ಡ್ರೈವಿಂಗ್ ಕಲಿಸಿದವನೆಂದು ಎಲ್ಲರೂ ಅವನನ್ನು ಮೇಷ್ಟ್ರು ಎನ್ನುತ್ತಿದ್ದರು. ಅವನ ಫೋನಿನಲ್ಲಿ, ಮುಖ ಅಂಟಿಸುವ ಮುಂಚಿನ ಮೂಲ ವಿಡಿಯೊ ಸಿಕ್ಕಿತು: ಕೆಂಪು ಸೀಟಿನಲ್ಲಿ ಕೂತು ನೀರು ಕುಡಿಯುತ್ತಿದ್ದವನು ಅವನೇ.

"ಸೀಟಿನ ಮೇಲೆ ಒಂದು ಟವಲ್ಲಾದ್ರೂ ಹಾಸ್ಕೋಬಾರ್ದಿತ್ತಾ ಮೇಷ್ಟ್ರೇ?" ಕಾನ್‌ಸ್ಟೇಬಲ್ ಛೇಡಿಸಿದ.

"ಹಾಸಿತ್ತು. ಹೊಸ ಬಟ್ಟೆ ಕಾಣ್ಲಿ ಅಂತ ನಾನೇ ತೆಗ್ದೆ," ಎಂದ ಅವನು. "ಬಸ್ಸು ನನ್ಗೇ ಆಯ್ತು ಅಂದ್ಕೊಂಡಿದ್ದೆ."

"ಅವಳೇನು ಮಾಡಿದ್ಳು ನಿನಗೆ?"

"ಕ್ಲಚ್ ಯಾವ್ದು, ಬ್ರೇಕ್ ಯಾವ್ದು ಅಂತ ಅವಳಿಗೆ ಕಲಿಸ್ದೋನು ನಾನು ಸಾರ್. ಬಸ್ಸು ಅವಳಿಗೆ ಕೊಟ್ರು. ನನಗೆ, ಅವಳು ರಜ ಹಾಕಿದ ದಿನ ಮಾತ್ರ."

ಅವನನ್ನು ಬಂಧಿಸಿ ಜೀಪು ಹತ್ತಿಸಿದರು. ಶಾಲೆ ಬಿಡುವ ಹೊತ್ತಾಗಿತ್ತು. ಮೇಲ್ವಿಚಾರಕ ಶಾಲೆಗೆ ಫೋನ್ ಮಾಡಿ, ಮಾತಾಡಿ, ಬೀಗದ ಕೈಯನ್ನು ಚಾಲಕಿಯ ಅಂಗೈಗೆ ಹಾಕಿದ. ಅವಳು ಕೆಂಪು ಸೀಟನ್ನು ತನ್ನ ಕಾಲಿನ ಅಳತೆಗೆ ಮುಂದಕ್ಕೆ ಎಳೆದುಕೊಂಡು ಬಸ್ಸನ್ನು ಗೇಟು ದಾಟಿಸಿದಳು.

ಜೀಪಿನೊಳಗೆ ಮೇಷ್ಟ್ರು ಬಸ್ಸಿನ ಸದ್ದನ್ನು ಕಿವಿಗೊಟ್ಟು ಕೇಳುತ್ತಿದ್ದ.

"ಎರಡನೇ ಗೇರಿಗೆ ಅವಸರ ಮಾಡ್ತಾಳೆ," ಎಂದು ಗೊಣಗಿದ. "ಎಷ್ಟು ಹೇಳಿದ್ರೂ ಅಷ್ಟೇ."