ಪೆಟ್ಟಿಗೆಯ ತಳದ ಅರಿಶಿನ

"ಸೀರೆ ಇಲ್ಲ!"

ಮೊರೆಲ್ ಸಾಹೇಬನ ಕೂಗಿಗೆ ವಿದ್ಯಾಗಿರಿಯ ಓಣಿಯೇ ಬಂದು ನೆರೆಯಿತು. ಕಾಲುವೆಗೆ ಸೇತುವೆ ಕಟ್ಟಿಸಲು ಬಂದ ಫ್ರಾನ್ಸಿನ ಇಂಜಿನಿಯರು ಆತ. ರಜೆ ಸಿಕ್ಕರೆ ಬಾದಾಮಿ, ಹುನಗುಂದ ಸುತ್ತಿ ಹಳೆಯ ಕಲಾವಸ್ತು ಕೂಡಿಸುವ ಹುಚ್ಚು. ಅದರಲ್ಲೂ ಆ ಇಳಕಲ್ ಕಸೂತಿ ಸೀರೆ ಅವನ ಪ್ರಾಣ. ಅವನಿದ್ದ ಬಾಡಿಗೆ ಮನೆಯ ಮಾಲೀಕ ಕಾಶಪ್ಪನೇ ಅದನ್ನು ಅವನಿಗೆ ಮಾರಿದ್ದ. ನಾಳೆ ಸಾಹೇಬ ಊರು ಬಿಡುವವನು—ಇಂದು ಬಾಗಿಲ ಬೀಗ ಮುರಿಯದೆ ಸೀರೆ ಮಾಯ!

ಕೀಲಿಕೈ ಇರುತ್ತಿದ್ದುದು ಡ್ರೈವರ್ ಯಮನಪ್ಪನ ಬಳಿ. ಸಿಕ್ಕಿಬಿದ್ದವನೇ ಕಳ್ಳ ಎಂದು ಫೌಜದಾರ ರಾಚಪ್ಪ ಅವನನ್ನು ಲಾಕಪ್ಪಿಗೆ ತಳ್ಳಿದ. ಊರು ಶಹಬ್ಬಾಸ್ ಅಂದಿತು. ರಾಚಪ್ಪನಿಗೆ ಮಾತ್ರ ಕೂತರೂ ನಿಂತರೂ ಸಮಾಧಾನವಿಲ್ಲ. "ಮಕ್ಕಳ ಆಣಿ, ನಾ ಮುಟ್ಟಿಲ್ರಿ ಸಾಹೇಬ್ರ"—ಯಮನಪ್ಪನ ಅದೇ ಮಾತು ಕಿವಿಯಲ್ಲಿ. ಸಂಜೆ ಅವನನ್ನು ಕೋರ್ಟಿಗೆ ಒಪ್ಪಿಸಬೇಕು. ನಿರಪರಾಧಿಯಾಗಿದ್ದರೆ? ಚಹಾ ಅರ್ಧಕ್ಕೇ ಬಿಟ್ಟು ಮತ್ತೆ ಸಾಹೇಬನ ಮನೆಗೆ ಬಂದ.

ಸೀರೆ ಇಟ್ಟಿದ್ದ ಪೆಟ್ಟಿಗೆಯ ತಳದಲ್ಲಿ ಹಿಡಿ ಅಕ್ಕಿ, ಅರಿಶಿನದ ಕೊಂಬು, ಕುಂಕುಮ ಹಚ್ಚಿದ ಅಡಿಕೆ.

"ಇವನ್ನ ಯಾರು ಇಟ್ಟಾರ್ರಿ?"

"ಅಡುಗೆಯವಳು. ಹುಳ ಬಾರದಿರಲು, ಅಲ್ಲವೇ?" ಎಂದ ಸಾಹೇಬ.

ಬೆಳಿಗ್ಗೆ ರಾಚಪ್ಪನೂ ಹಾಗೇ ಅಂದುಕೊಂಡಿದ್ದ. ಈಗ ಅಡುಗೆಯ ಹುಚ್ಚವ್ವನನ್ನೇ ಕರೆದು ಕೇಳಿದ.

"ಶಿವಶಿವಾ! ಗಂಡ ಸತ್ತಾಕಿ ನಾ. ಅರಿಶಿಣ-ಕುಂಕುಮಕ್ಕ ಕೈ ಹಚ್ಚತೇನೇನ್ರಿ?"

ರಾಚಪ್ಪ ಬಾಗಿಲ ಬೀಗದತ್ತ ತಿರುಗಿದ. "ಇನ್ನೊಂದು ಕೀಲಿಕೈ ಯಾರ ಕಡೆ ಐತಿ?"

"ಮಾಲಕರ ಮನ್ಯಾಗ್ರಿ."

ಪಕ್ಕದಲ್ಲೇ ಇದ್ದ ಮಾಲೀಕರ ಮನೆಯ ಬಾಗಿಲು ತೆರೆದವಳು ಕಾಶಪ್ಪನ ಹೆಂಡತಿ ಶಿವಬಸವ್ವ.

"ಅಕ್ಕಾರ, ಕಳ್ಳರು ಅಕ್ಕಿ-ಅರಿಶಿಣ ಹಾಕಿ ಪೆಟ್ಟಿಗಿಗೆ ಉಡಿ ತುಂಬಂಗಿಲ್ರಿ. ಯಮನಪ್ಪಗ ಅದು ತಿಳ್ಯಂಗಿಲ್ಲ. ಹುಚ್ಚವ್ವ ಅರಿಶಿಣ ಮುಟ್ಟಂಗಿಲ್ಲ. ಸೀರಿ ತಗದ ಪೆಟ್ಟಿಗಿ ಬರಿದು ಬಿಡಬಾರದು ಅಂತ ಮನಸು ತಡೀಲಾರದಾಕಿ ಒಬ್ಬ ಮುತ್ತೈದಿ. ಕೀಲಿಕೈನೂ ನಿಮ್ಮ ಕಡೇನ ಐತಿ. ನೀವ ತಗೊಂಡೀರಿ, ಹೌದಲ್ರಿ?"

ಶಿವಬಸವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ನಮ್ಮವ್ವ ಹಾಕಿದ ಕಸೂತಿರಿ ಅದು. ಇವ್ರು ನನ್ನ ಒಂದು ಮಾತು ಕೇಳದನ ಮಾರಿಬಿಟ್ರು. ದೇಶಾ ದಾಟತೈತಿ ಅಂದಕೂಡ್ಲೆ ಕರಳು ಕಿತ್ತಂಗಾತ್ರಿ."

"ಯಮನಪ್ಪ ಲಾಕಪ್ಪಿನ್ಯಾಗ ಅದಾನ್ರಿ."

ಬೆಳಿಗ್ಗೆಯಿಂದ ಅವಳು ತುತ್ತು ಅನ್ನ ಮುಟ್ಟಿರಲಿಲ್ಲ. ದೇವರ ಕೋಣೆಯಿಂದ ಸೀರೆ ತಂದಳು. "ಮದಲ ಅವನ್ನ ಬಿಡ್ರಿ. ನನ್ನ ಒಯ್ರಿ."

ರಾಚಪ್ಪನ ಹಿಂದೆಯೇ ಬಂದು ನಿಂತಿದ್ದ ಸಾಹೇಬ ಸೀರೆ ತೆಗೆದುಕೊಂಡ. ಒಮ್ಮೆ ಸೆರಗು ಸವರಿ ಅವಳ ಕೈಗೇ ಮರಳಿಸಿದ.

"ದೂರು ಇಲ್ಲ. ಪೆಟ್ಟಿಗೆ ಬರಿದಾಗಿಲ್ಲವಲ್ಲ—ನಾನು ಅದನ್ನೇ ಒಯ್ಯುತ್ತೇನೆ."

ಶಿವಬಸವ್ವ ಸೀರೆಯಲ್ಲಿ ಮುಖ ಮುಚ್ಚಿ ಅತ್ತಳು. ಅದನ್ನು ನೋಡಲು ರಾಚಪ್ಪ ಅಲ್ಲಿರಲಿಲ್ಲ. ಲಾಕಪ್ಪಿನ ಕೀಲಿಕೈ ಹಿಡಿದು, ಟೋಪಿಯನ್ನೂ ಮರೆತು, ಠಾಣೆಯತ್ತ ಓಡುತ್ತಿದ್ದ.