ತೊಳೆಯದೆ ತಂದ ಮೋಟಾರು

ಮೂರನೆಯ ಸಲ ರಾಜೀವ ಆ ದೋಣಿ ಮೋಟಾರನ್ನು ಆಟೋದಿಂದ ಇಳಿಸಿ, ಹೆಗಲಿಗೇರಿಸಿ ಹಳೇ ಹುಬ್ಬಳ್ಳಿಯ ಗಲ್ಲಿಗೆ ಬಂದಾಗ ಮಾಯಾಗೆ ಎದ್ದು ನಿಲ್ಲುವ ಉಮೇದೂ ಇರಲಿಲ್ಲ. ಬೆಳಿಗ್ಗೆಯಿಂದ ಎರಡು ಬೋರ್‌ವೆಲ್ ಪಂಪು ಬಿಚ್ಚಿ ಕಟ್ಟಿದ್ದಳು. ಬೆನ್ನು ಹಿಡಿದುಕೊಂಡಿತ್ತು. ಆದರೂ ಕೈ ತಾನಾಗಿಯೇ ಮೇಲೆ ಹೋಗಿ ಮುಂಗೂದಲು ಸರಿಮಾಡಿತು. ಕೈಗಿದ್ದ ಕರಿ ಎಣ್ಣೆಯೆಲ್ಲ ಹಣೆಗೆ ಮೆತ್ತಿತು. ಮೂವತ್ತೊಂಬತ್ತರ ವಯಸ್ಸಿನಲ್ಲಿ ನಿನಗಿದೆಲ್ಲ ಬೇಕಿತ್ತೇ ಎಂದು ತನ್ನನ್ನೇ ಬೈದುಕೊಂಡಳು.

ಪಂಪ್ ರಿಪೇರಿ ಅಂಗಡಿ ಅವಳ ಅಪ್ಪ ಗೋವಿಂದಪ್ಪನದು. ಅಪ್ಪ ಹೋಗಿ ಆರು ವರ್ಷವಾಯಿತು. ಹೆಣ್ಣು ನೋಡಲು ಬಂದವರೆಲ್ಲ ಮೊದಲು ಅವಳ ಉಗುರು ನೋಡಿ, ಆಮೇಲೆ ಉಪ್ಪಿಟ್ಟು ತಿಂದು, ತಿಳಿಸುತ್ತೇವೆ ಎಂದು ಎದ್ದು ಹೋದವರೇ. ಬರಬರುತ್ತ ಅವಳೂ ಆ ಯೋಚನೆ ಬಿಟ್ಟಿದ್ದಳು.

ಬಿಟ್ಟಿದ್ದಳು, ಈ ಮನುಷ್ಯ ಬರುವ ತನಕ.

ರಾಜೀವ ಊರಾಚೆಯ ಕೆರೆಯಲ್ಲಿ ಕಾವಲು ದೋಣಿ ನಡೆಸುತ್ತಿದ್ದ. ಪೆಡಲ್ ಬೋಟಿನವರು ನಡುನೀರಿನಲ್ಲಿ ಸಿಕ್ಕಿಕೊಂಡರೆ ಹೋಗಿ ಎಳೆದು ತರುವುದು ಅವನ ಕೆಲಸ. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಬಂದಾಗಲೆಲ್ಲ ಇಸ್ತ್ರಿ ಅಂಗಿ, ನೀಟಾಗಿ ಬಾಚಿದ ತಲೆ. ಸ್ಟೂಲಿನ ಮೇಲೆ ಕೂರುವ ಮುಂಚೆ ಕರವಸ್ತ್ರ ಹಾಸುತ್ತಿದ್ದ. ಎದ್ದು ಹೋಗುವಾಗ ಅದನ್ನು ಮಡಚುತ್ತ, ಅವಳು ನೋಡುತ್ತಿಲ್ಲವೆಂದುಕೊಂಡು ಒಮ್ಮೆ ಅವಳನ್ನು ನೋಡುತ್ತಿದ್ದ. ಮಾಯಾ ನಟ್ಟು ಬಿಚ್ಚುವ ಪಾನಾ ಹುಡುಕುವ ನೆಪದಲ್ಲಿ ಆ ನೋಟವನ್ನು ಪ್ರತಿಸಲವೂ ಹಿಡಿಯುತ್ತಿದ್ದಳು.

"ಮತ್ತ ಅದ ಆಗೇತ್ರಿ" ಎಂದ ಅವನು, ತಪ್ಪು ತನ್ನದೇ ಎನ್ನುವ ಹಾಗೆ.

ಅದೇ ಎಂದರೆ, ಗೇರ್ ಬಾಕ್ಸಿಗೆ ನೀರು. ಕೆರೆಯ ನೀರು ಎಲ್ಲಿಂದಲೋ ಒಳನುಗ್ಗಿ, ಎಣ್ಣೆಯ ಜೊತೆ ಕಲಸಿ ಮಜ್ಜಿಗೆಯಾಗುತ್ತಿತ್ತು. ಹಾಗೇ ಬಿಟ್ಟರೆ ಗೇರುಗಳು ಸವೆದುಹೋಗುತ್ತವೆ. ಎರಡು ಸಲವೂ ಮಾಯಾ ಕೆಳಗಿನ ತಿರುಪಿನ ವಾಷರ್ ಬದಲಿಸಿ ಕಳಿಸಿದ್ದಳು. ಎರಡು ಸಲವೂ ಹತ್ತು ದಿನದೊಳಗೆ ಮೋಟಾರು ವಾಪಸು ಬಂದಿತ್ತು.

ಈ ಸಲ ಅವನು ಇನ್ನೊಂದು ಮಾತು ತಂದಿದ್ದ. ಕೆರೆಯ ಗುತ್ತಿಗೆದಾರ, ಭಾನುವಾರದೊಳಗೆ ಸರಿಯಾಗದಿದ್ದರೆ ಮೋಟಾರು ಗುಜರಿಗೆ ಎಂದಿದ್ದನಂತೆ. ಮೋಟಾರಿಲ್ಲದ ಮೇಲೆ ನಡೆಸುವವನೇಕೆ? ಕಾರವಾರದ ಬಂದರಿನಲ್ಲಿ ಚಿಕ್ಕಪ್ಪನ ಮಗ ಕೆಲಸ ನೋಡಿಟ್ಟಿದ್ದಾನೆ, ಸೋಮವಾರ ಹೊರಡಬೇಕಾದೀತು ಎಂದು ನೆಲ ನೋಡುತ್ತ ಹೇಳಿದ.

ಕಾರವಾರ. ಮಾಯಾ ಏನೂ ಆಗದವಳ ಹಾಗೆ ಟಬ್ಬಿಗೆ ನೀರು ತುಂಬಿದಳು.

ಎಣ್ಣೆ ಬಸಿದು, ಬಸಿದ ತೂತಿನಿಂದಲೇ ಸೈಕಲ್ ಪಂಪಿನಲ್ಲಿ ಗೇರ್ ಬಾಕ್ಸಿಗೆ ಗಾಳಿ ತುಂಬಿ, ನೀರಿನಲ್ಲಿ ಮುಳುಗಿಸಿದಳು. ಸೋರುವ ಜಾಗವಿದ್ದರೆ ಗುಳ್ಳೆ ಏಳಬೇಕು, ಗಾಳಿ ಅಳೆಯುವ ಮುಳ್ಳು ಇಳಿಯಬೇಕು. ಇಬ್ಬರೂ ಟಬ್ಬಿನ ಎರಡು ಕಡೆ ಕೂತು ನೋಡಿದರು. ಹತ್ತು ನಿಮಿಷ. ಅರ್ಧ ತಾಸು. ಪಕ್ಕದ ಲೇತ್ ಅಂಗಡಿಯ ಕಾಸಿಮಸಾಬ ಇಣುಕಿ, ನೀರಿನಾಗ ಒಬ್ಬರ ಮಾರಿ ಒಬ್ಬರು ನೋಡಾಕ ಇಷ್ಟೊತ್ತು ಬೇಕೇನು ಎಂದು ಚೇಷ್ಟೆ ಮಾಡಿ ಹೋದ. ಯಾರಿಗೂ ನಗಲಾಗಲಿಲ್ಲ. ಒಂದು ಗುಳ್ಳೆಯೂ ಏಳಲಿಲ್ಲ.

"ನನಗ ಗೊತ್ತಾಗವಲ್ದುರಿ" ಎಂದಳು ಮಾಯಾ. ಅಪ್ಪನ ಅಂಗಡಿಯಲ್ಲಿ ಕೂತು ಆ ಮಾತು ಆಡಿದ್ದು ಅದೇ ಮೊದಲು. ದಣಿವು ಮೈಯೆಲ್ಲ ಇಳಿಯಿತು.

ಮೋಟಾರನ್ನು ನೀರಿನಿಂದ ಎತ್ತುವಾಗ ನೀರು ತಳ್ಳುವ ಪಂಖಾದ ಹಿಂದುಗಡೆ ಅವಳ ಬೆರಳು ಜಾರಿತು. ಅಲ್ಲಿ ದಪ್ಪನೆಯ ಹೊಸ ಗ್ರೀಸು. ನೋಡಿದರೆ ಮೋಟಾರಿನಲ್ಲಿ ಒಂದು ಎಳೆ ಪಾಚಿಯಿಲ್ಲ, ಒಂದು ಚೂರು ಕೆಸರಿಲ್ಲ. ಬಸಿದ ಎಣ್ಣೆಯೂ ಜೇನಿನ ಬಣ್ಣದ ಹೊಸ ಎಣ್ಣೆ. ಕೆರೆಯಿಂದ ಬಂದದ್ದಲ್ಲ, ಮದುವೆಗೆ ಹೊರಟಂತಿತ್ತು.

ಗ್ರೀಸ್ ಹಚ್ಚಿದವರು ಯಾರೆಂದು ಕೇಳಿದಳು. ತಾನೇ ಎಂದ. ತರುವ ಮುಂಚೆ ಪಂಖಾ ಬಿಚ್ಚಿ, ಕಸವೆಲ್ಲ ತೆಗೆದು, ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸ್ ಮೆತ್ತಿ, ಹೊಸ ಎಣ್ಣೆ ಹಾಕಿ ತರುತ್ತಾನಂತೆ. ಪ್ರತಿ ಸಲವೂ.

"ನಮ್ಮವ್ವ ಮಂದಿ ಮನ್ಯಾಗ ಮುಸುರಿ ತಿಕ್ಕಾಕಿರಿ" ಎಂದ, ಮೆಲ್ಲಗೆ. "ಯಾರ ಬಾಗಲಾಗೂ ಹೊಲಸು ತಗೊಂಡು ಹೋಗಿ ನಿಲ್ಲಬ್ಯಾಡ ಅಂತಿದ್ಲು."

ಮಾಯಾಗೆ ಸಿಟ್ಟೂ ಬಂತು, ಮರುಕವೂ ಬಂತು.

"ದವಾಖಾನಿಗೆ ಹೋಗೂದಕ್ಕಿಂತ ಮೊದಲ ಜ್ವರ ಇಳಿಸ್ಕೊಂಡು ಹೋಗೋರು ನೀವು. ನಾಳೆ ಇದನ್ನ ಕೆರಿಯಾಗ ಓಡಸ್ರಿ. ಏನೂ ಮುಟ್ಟಬ್ಯಾಡ್ರಿ. ಹೆಂಗೈತಿ ಹಂಗ ತಗೊಂಡು ಬರ್ರಿ."

ಹೊಸ ಎಣ್ಣೆ ತುಂಬಿ ಕಳಿಸಿದಳು. ಮರುದಿನವೆಲ್ಲ ಅವಳ ಕಣ್ಣು ಗಲ್ಲಿಯ ಬಾಯಿಯಲ್ಲೇ ಇತ್ತು. ಸಂಜೆ ನಾಲ್ಕರ ಸುಮಾರಿಗೆ ಅವನು ಬಂದ. ಮೋಟಾರಿನಿಂದ ಕೆರೆನೀರು ತೊಟ್ಟಿಕ್ಕುತ್ತಿತ್ತು. ಮಾತಿಗೆ ತಪ್ಪದೆ, ತಾನೂ ದೋಣಿಯಿಂದ ನೇರ ಬಂದಿದ್ದ. ಅಂಗಿಗೆ ಕೆಸರು, ಒಂದು ದಿನದ ಗಡ್ಡ, ಕಣ್ಣಿನ ಕೆಳಗೆ ಕಪ್ಪು. ಮುಖ ಎತ್ತಲು ನಾಚುತ್ತಿದ್ದ. ಅಷ್ಟು ದಣಿದ ಮುಖವನ್ನು ಅವಳು ಕನ್ನಡಿಯಲ್ಲಿ ಮಾತ್ರ ನೋಡಿದ್ದಳು.

ಪಂಖಾ ಬಿಚ್ಚಿದಳು. ಅದರ ಹಿಂದೆ, ಶಾಫ್ಟಿನ ಸುತ್ತ, ಮೀನು ಹಿಡಿಯುವವರ ಗಾಳದ ದಾರ ಬಿಗಿಯಾಗಿ ಸುತ್ತಿಕೊಂಡಿತ್ತು. ತೆಗೆದು ನೋಡಿದರೆ ನೀರು ತಡೆಯುವ ಒಳಗಿನ ರಬ್ಬರ್ ಸೀಲಿನ ಅಂಚು ಕೊಯ್ದುಹೋಗಿತ್ತು. ಗಾಳಿ ತುಂಬಿ ಮುಳುಗಿಸಿದಳು. ಆ ಕೊಯ್ದ ಜಾಗದಿಂದಲೇ ಸಣ್ಣ ಗುಳ್ಳೆಗಳು ಸಾಲಾಗಿ ಎದ್ದವು.

ಇಷ್ಟು ದಿನ ಅವನ ಗ್ರೀಸು ಆ ಸೀಳನ್ನು ಮುಚ್ಚಿ ಅವಳಿಂದ ಅಡಗಿಸಿತ್ತು. ಹಿಂದಿನ ಸಲವೂ ದಾರ ಸಿಕ್ಕಿತ್ತೇ ಎಂದರೆ, ಸಿಕ್ಕಿತ್ತು, ಕಸ ಅಂತ ಒಗೆದೆ ಎಂದ. ಮಾಯಾಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ.

ಹಳೆ ಸೀಲು ಕಿತ್ತು, ಅದೇ ಅಳತೆಯ ಹೊಸದನ್ನು ಕೂರಿಸಿ, ಶಾಫ್ಟ್ ತಿರುಗಿಸುತ್ತ ಮತ್ತೆ ಪರೀಕ್ಷೆ ಮಾಡಿದಳು. ಗುಳ್ಳೆ ನಿಂತವು. ಮುಳ್ಳು ಅಲುಗಲಿಲ್ಲ. ಕಾರವಾರ ತಪ್ಪಿತು.

ಆಮೇಲೆ ಮಾಡಲು ಏನೂ ಉಳಿದಿರಲಿಲ್ಲ. ಸರಿಹೋದ ಮೋಟಾರಿಗೆ ಈ ಅಂಗಡಿಯಲ್ಲಿ ಕೆಲಸವೇನು, ಅದನ್ನು ತರುವವನಿಗೂ ಏನು? ಅಷ್ಟು ಹೊತ್ತು ಹೊಳೆಯದ ಈ ವಿಷಯ ಈಗ ಅವಳಿಗೆ ಹೊಳೆಯಿತು.

"ಇನ್ನ ನೀರು ಹೋಗೂದಿಲ್ಲಲ್ರಿ?" ಎಂದ ರಾಜೀವ.

"ಇಲ್ಲ. ದಿನಾ ಪಂಖಾದ ಹಿಂದಿನ ದಾರ ಅಷ್ಟ ತಗೀರಿ."

ಅವನು ಮೋಟಾರು ಎತ್ತಲು ಬಗ್ಗಿದವನು ಹಾಗೇ ನಿಂತ.

"ಒಂದ ಮಾತು ಹೇಳ್ತೇನಿ, ತಪ್ಪು ತಿಳೀಬ್ಯಾಡ್ರಿ. ನಾಕು ವರ್ಷ ಆತು, ಒಂದಿನಾನೂ ನಿದ್ದಿ ಸರಿ ಆಗಿಲ್ಲ. ಇಲ್ಲಿ ಬರೋ ದಿನ ಅಷ್ಟ ಗಡ್ಡ ಹೆರಕೊಂಡು, ಇಸ್ತ್ರಿ ಅಂಗಿ ಹಾಕ್ಕೊಂಡು ಬರ್ತಿದ್ದೆ. ನಿಮ್ಮ ಕಣ್ಣಿಗೆ ನಾ ಸೋತಾಂವ ಕಾಣಬಾರ್ದು ಅಂತ."

ಮಾಯಾ ಎಣ್ಣೆ ಕೈಯನ್ನು ಸೀರೆಗೇ ಒರೆಸಿಕೊಂಡಳು. ನಾಚಿಕೆಪಡುವುದಕ್ಕೂ ಒಂದಿಷ್ಟು ಕಸುವು ಬೇಕು. ಅದು ಅವಳಲ್ಲಿ ಉಳಿದಿರಲಿಲ್ಲ. ಹಾಗಾಗಿ ನೇರ ಹೇಳಿದಳು.

"ನಾನೂ ಸೋತೇನ್ರಿ. ನೀವು ಕಾರವಾರ ಅಂದಾಗ ಇನ್ನೂ ಸೋತೆ. ನಾಳೆ ಬರ್ರಿ. ಮೋಟಾರ್ ಬ್ಯಾಡ, ಇಸ್ತ್ರೀನೂ ಬ್ಯಾಡ. ಹಿಂಗ ಬರ್ರಿ."

ರಾಜೀವ ಬಹಳ ಹೊತ್ತು ಅವಳನ್ನೇ ನೋಡಿದ. ಈ ಸಲ ಅವಳು ಪಾನಾ ಹುಡುಕಲಿಲ್ಲ.

ಅವನ ಕೈ ರೂಢಿಯಂತೆ ಜೇಬಿಗೆ ಹೋಗಿ ಕರವಸ್ತ್ರ ಹಿಡಿಯಿತು. ಹಿಡಿದದ್ದನ್ನು ಅಲ್ಲೇ ಬಿಟ್ಟು, ಕೆಸರು ಮೆತ್ತಿದ ಒದ್ದೆ ಪ್ಯಾಂಟಿನಲ್ಲೇ ಅವಳ ಸ್ಟೂಲಿನ ಮೇಲೆ ಕೂತುಬಿಟ್ಟ.