ಹಿಂದಿನದು ಹಳದಿ, ಮುಂದಿನದು ನೀಲಿ

ವಿಡಿಯೋ ಹಳದಿಯಾಗಿತ್ತು.

ರಕ್ಷಿತಾ ಅದನ್ನು ಮತ್ತೆ ನೋಡಿದಳು. ಅಂಗೈಯಗಲದ ಪರದೆಯಲ್ಲಿ ಅವಳೇ ಆರತಿ ತಟ್ಟೆ ಹಿಡಿದು ನಗುತ್ತಾ ನಡೆದು ಬರುತ್ತಿದ್ದಳು. ಮುಂದಿನ ಶಾಟಿನಲ್ಲಿ ಯಾರದೋ ಮನೆಯ ಬಾಗಿಲು, ಹೊಸ್ತಿಲ ಮುಂದೆ ರಂಗೋಲಿ. ಆಮೇಲೆ ಜಗಲಿಯ ಮೇಲೆ ಅಕ್ಕಪಕ್ಕ ಎರಡು ಚಹಾದ ಲೋಟ, ಹಬೆಯಾಡುತ್ತಾ. ಅಷ್ಟೇ. ಹಾಡಿಲ್ಲ, ಮಾತಿಲ್ಲ. ಎಲ್ಲವೂ ಹಳದಿ, ಗೋಡೆಯ ಮೇಲಿನ ಹಳೇ ಫೋಟೋ ಬಿಸಿಲಿಗೆ ಮಾಸಿದ ಹಾಗೆ.

ಹಳದಿಗೆ ಏನು ಅರ್ಥ ಅಂತ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ನಿಯಮ ಮಾಡಿದವರೇ ಅವರಿಬ್ಬರು. ಅವಳು ಮತ್ತು ಸಿದ್ಧಲಿಂಗೇಶ್.

ಶಿಕಾರಿಪುರದ ರಕ್ಷಿತಾಳದ್ದು ಧ್ವನಿ, ಆನವಟ್ಟಿಯ ಸಿದ್ಧಲಿಂಗೇಶನದ್ದು ಎಡಿಟಿಂಗ್. ಅವನಿಗೆ ಅಲ್ಲೊಂದು ಸಣ್ಣ ಸ್ಟುಡಿಯೋ ಇತ್ತು. ಮದುವೆ, ನಾಮಕರಣ, ಗೃಹಪ್ರವೇಶದ ವಿಡಿಯೋ ಮಾಡುತ್ತಿದ್ದ. ಶಿರಾಳಕೊಪ್ಪದಲ್ಲಿ ರಕ್ಷಿತಾಳ ಚಿಕ್ಕಪ್ಪನ ಮಗಳು ಧನ್ಯಾಳ ಮದುವೆಗೆ ಕ್ಯಾಮೆರಾ ಹೊತ್ತು ಬಂದಿದ್ದವನೂ ಅವನೇ; ಆರತಿ ತಟ್ಟೆಯ ಶಾಟು ಅಲ್ಲಿಯದೇ. ಊಟದ ಪಂಕ್ತಿಯಲ್ಲಿ ಹೋಳಿಗೆಗೂ ಕೈ ಹಾಕದೆ, ಯಾವುದೋ ದ್ವೀಪದ ಸೀರಿಯಲ್ ಬಗ್ಗೆ ಇಬ್ಬರೂ ಜಗಳಕ್ಕೆ ಬಿದ್ದಿದ್ದರು. ಫಾರಿನ್ ಸೀರಿಯಲ್, ಕನ್ನಡಕ್ಕೆ ಡಬ್ ಆಗಿ ಫೋನಿನಲ್ಲಿ ಬರುತ್ತಿತ್ತು. ಹಡಗು ಒಡೆದು ಒಂದಷ್ಟು ಜನ ದ್ವೀಪದಲ್ಲಿ ಸಿಕ್ಕಿಬೀಳುವ ಕಥೆ. ಜಗಳ ಸ್ನೇಹವಾಯಿತು, ಸ್ನೇಹ ಯೂಟ್ಯೂಬ್ ಚಾನೆಲ್ ಆಯಿತು. ಆ ಸೀರಿಯಲ್ಲನ್ನು ನಮ್ಮ ಕಡೆಯ ಮಾತಲ್ಲಿ ಬಿಡಿಸಿ ಹೇಳುವ ಚಾನೆಲ್.

ಬಿಡಿಸಿ ಹೇಳಲೇಬೇಕಿತ್ತು, ಯಾಕೆಂದರೆ ಕಥೆ ಅಷ್ಟು ಗೋಜಲು. ಪ್ರತಿ ಎಪಿಸೋಡಿನಲ್ಲಿ ಒಬ್ಬೊಬ್ಬರ ಹಳೆಯ ಬದುಕು ನಡುನಡುವೆ ತೂರಿಕೊಂಡು ಬರುತ್ತಿತ್ತು. ಮೊದಲು ತಲೆ ಕೆಟ್ಟದ್ದು ರಕ್ಷಿತಾಳ ಅಮ್ಮ ರಾಜೇಶ್ವರಮ್ಮನಿಗೆ.

“ಅಲ್ಲೇ, ಗಡ್ಡದ ಮಾವ ಮೊನ್ನೆ ಸತ್ತಿದ್ನಲ್ಲ! ಇವತ್ತು ಗಡ್ಡ ಬೋಳಿಸ್ಕೊಂಡು ಮದುವಿ ಆಗ್ತಾ ಇದಾನಲ್ಲೇ!”

“ಅದು ಫ್ಲ್ಯಾಶ್‌ಬ್ಯಾಕ್ ಅಮ್ಮ. ಹಿಂದಿನ ಕಥಿ.”

“ಹಿಂದಿಂದು ಅಂತ ಬೋರ್ಡ್ ಹಾಕ್ಬೇಕಪ್ಪ ಮತ್ತೆ. ನಮಗೆಂಗ್ ಗೊತ್ತಾಗ್ಬೇಕು?”

ಇದನ್ನು ಕೇಳಿ ಸಿದ್ಧಲಿಂಗೇಶ್ ಫೋನಿನಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಆಮೇಲೆ ಗಂಭೀರವಾಗಿ, “ನಿಮ್ಮಮ್ಮ ಹೇಳೋದು ಸರಿ ಕಾಣ್ತದೆ ಮಾರಾಯ್ರೆ. ನಾವು ಬಣ್ಣ ಹಚ್ಚುವ” ಅಂದಿದ್ದ. ಹಿಂದೆ ನಡೆದು ಹೋದದ್ದಕ್ಕೆ ಹಳದಿ. ಮುಂದೆ ನಡೆಯೋದಕ್ಕೆ ತಿಳಿನೀಲಿ. ಈಗಿನದ್ದಕ್ಕೆ ಏನೂ ಇಲ್ಲ, ಇದ್ದ ಹಾಗೇ.

ನೀಲಿ ಬೇಕಾದದ್ದು ಚೂರಿ ಅಕ್ಕನಿಂದ, ಸೊಂಟದಲ್ಲಿ ಸದಾ ಚೂರಿ ಇಟ್ಟುಕೊಂಡ ದ್ವೀಪದ ಹೆಂಗಸಿಗೆ ಅವರಿಟ್ಟ ಹೆಸರು. ಒಂದು ಎಪಿಸೋಡ್ ಪೂರ್ತಿ ಅವಳು ಸಂತೆಯಲ್ಲಿ ಮೀನು ಮಾರುತ್ತಾಳೆ. ಹಡಗು ಹತ್ತೋ ಮುಂಚಿನ ಕಥೆ ಅಂತ ಎಲ್ಲರೂ ನಂಬಿ ಕೂತಿರುತ್ತಾರೆ. ಕೊನೆಯಲ್ಲಿ ತೋಳು ಮೇಲೇರಿಸಿದರೆ, ದ್ವೀಪದಲ್ಲಿ ಆದ ಗಾಯದ ಗುರುತು! ಅಂದರೆ ಅದು ಹಿಂದಿನದಲ್ಲ. ಪಾರಾಗಿ ಊರು ಸೇರಿದ ಮೇಲಿನದು. ಆ ದಿನ ರಕ್ಷಿತಾ ಕಿರುಚಿದ್ದಕ್ಕೆ ಅಮ್ಮ ಒಲೆ ಮೇಲಿನ ರೊಟ್ಟಿ ಬಿಟ್ಟು ಓಡಿ ಬಂದಿದ್ದಳು.

ಫ್ಯಾನ್ ಸದ್ದು ಬೀಳದಿರಲಿ ಅಂತ ರಕ್ಷಿತಾ ಕಂಬಳಿ ಹೊದ್ದು ಮಾತು ರೆಕಾರ್ಡ್ ಮಾಡುತ್ತಿದ್ದಳು. ಬೆವರು ಒರೆಸಿಕೊಳ್ಳುತ್ತಾ ಹೊರಗೆ ಬಂದರೆ ಅವನ ಮೆಸೇಜು: “ಎರಡನೇ ಸಾಲಲ್ಲಿ ಯಾಕೆ ನಕ್ಕಿದ್ದು?” ನಕ್ಕದ್ದು ಬೇರೆ ಯಾರಿಗೂ ಕೇಳಿರುತ್ತಿರಲಿಲ್ಲ. ವಿಡಿಯೋ ಕೊನೆಯಲ್ಲಿ ‘ಧ್ವನಿ: ರಕ್ಷಿತಾ’ ಅನ್ನೋ ಹೆಸರು ಎಷ್ಟು ಹೊತ್ತು ನಿಲ್ಲುತ್ತಿತ್ತೆಂದರೆ, ನೋಡುವವರು “ಅಣ್ಣಾ, ವಿಡಿಯೋ ಹ್ಯಾಂಗ್ ಆಯ್ತಾ?” ಅಂತ ಕಾಮೆಂಟ್ ಹಾಕುತ್ತಿದ್ದರು. ಆದರೂ ಇಬ್ಬರೂ ‘ರೀ’ ದಾಟಿರಲಿಲ್ಲ.

ಈಗ ಹಾವೇರಿಯವರು ಬಂದು ಹೆಣ್ಣು ನೋಡಿ ಹೋಗಿದ್ದರು. ಹುಡುಗನಿಗೆ ಸರ್ಕಾರಿ ಕೆಲಸ. ಇವತ್ತು ಸಂಜೆ ಅಪ್ಪ ಪರಮಶಿವಪ್ಪ ಹೂಂ ಅಥವಾ ಉಹೂಂ ಹೇಳಬೇಕಿತ್ತು. ನಿನ್ನೆ ರಕ್ಷಿತಾ ಸಿದ್ಧಲಿಂಗೇಶನಿಗೆ ಎಲ್ಲ ತಿಳಿಸಿ, ನಾಚಿಕೆ ಬಿಟ್ಟು ಮೆಸೇಜ್ ಮಾಡಿದ್ದಳು: “ನಾನು ಏನಂತ ಹೇಳ್ಲಿ ರೀ?”

ಬಹಳ ಹೊತ್ತು ‘ಟೈಪಿಂಗ್’ ಅಂತ ಬಂತು, ಹೋಯಿತು, ಬಂತು. ಕೊನೆಗೆ, “ನನಗೆ ಮಾತು ಬರಲ್ಲ ರೀ. ಎಡಿಟ್ ಮಾಡಿ ಕಳಿಸ್ತೀನಿ.”

ಕಳಿಸಿದ್ದು ಇದು. ಹಳದಿ.

ಅಂದರೆ ಮುಗಿಯಿತು ಅಂತಲಾ? ನೀವು ಇನ್ನು ನೆನಪು ಮಾತ್ರ ಅಂತಲಾ? ಹಾಗಿದ್ದರೆ ಆ ಬಾಗಿಲು ಯಾರದ್ದು? ಅವಳು ಹೋಗದ ಮನೆಗೆ ಅವಳನ್ನು ಯಾಕೆ ಕಳಿಸಬೇಕು? ಮೊದಲೇ ಬೇರೆ ಯಾವಳೋ ಆ ಮನೆಗೆ ಬಂದಿದ್ದಳಾ, ಎರಡನೇ ಲೋಟ ಅವಳದ್ದಾ? ಗಾಯದ ಗುರುತಿನಂಥದ್ದು ಎಲ್ಲಾದರೂ ಬಚ್ಚಿಟ್ಟಿದ್ದಾನಾ ಅಂತ ಪರದೆ ಹಿಗ್ಗಿಸಿ ಹಿಗ್ಗಿಸಿ ನೋಡಿದಳು. ರಂಗೋಲಿಯ ಚುಕ್ಕಿ ಬಿಟ್ಟರೆ ಏನೂ ಕಾಣಲಿಲ್ಲ. ಫೋನ್ ಮಾಡಿದರೆ ಸ್ವಿಚ್ ಆಫ್.

“ಅಮ್ಮ, ಶಿರಾಳಕೊಪ್ಪದಾಗ ಟೈಲರ್ ಹತ್ರ ಹೋಗಿ ಬರ್ತೀನಿ.”

“ಈ ಬಿಸಿಲಾಗ?” ರಾಜೇಶ್ವರಮ್ಮ ಮಗಳ ಕಣ್ಣು ನೋಡಿದಳು. “ಯಾಕೆ, ಬ್ಲೌಸ್ ಹೊಲಿಯೋದಕ್ಕೆ ಅಳ್ತಾರೇನು?”

ರಕ್ಷಿತಾ ಚಪ್ಪಲಿ ಮೆಟ್ಟಿದಳು.

ಶಿರಾಳಕೊಪ್ಪದಲ್ಲಿ ಇಳಿದು ಆನವಟ್ಟಿ ಬಸ್ಸು ಹತ್ತಿದಳು. ಕಿಟಕಿ ಪಕ್ಕ ಕೂತು ಮತ್ತೆ ಅದೇ ವಿಡಿಯೋ. ಪಕ್ಕದಲ್ಲಿ ಸೊಪ್ಪಿನ ಬುಟ್ಟಿ ಇಟ್ಟುಕೊಂಡಿದ್ದ ಅಜ್ಜಿಯೊಬ್ಬಳು ಬಗ್ಗಿ ನೋಡಿದಳು.

“ಯಾವ ಸೀರಿಯಲ್ಲವ್ವ ಇದು?”

“ಸೀರಿಯಲ್ ಅಲ್ಲಜ್ಜಿ.”

“ಹುಡುಗಿ ಮನಿಗೆ ಬರ್ತಾ ಐತೋ, ಬಿಟ್ಟು ಹೋಗ್ತಾ ಐತೋ?”

“ಅದೇ ಗೊತ್ತಾಗ್ತಿಲ್ಲಜ್ಜಿ.”

“ಆ ಹುಡುಗಿನ್ನೇ ಕೇಳಬೇಕಪ್ಪ ಹಂಗಾದ್ರೆ” ಅಂದು ಅಜ್ಜಿ ಎಲೆಗೆ ಸುಣ್ಣ ಹಚ್ಚತೊಡಗಿದಳು.

ಸ್ಟುಡಿಯೋ ಮೆಡಿಕಲ್ ಶಾಪಿನ ಮಹಡಿಯಲ್ಲಿತ್ತು. ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ ಸಿದ್ಧಲಿಂಗೇಶ್ ಬಾಗಿಲಲ್ಲಿ ಅವಳನ್ನು ಕಂಡು ಎದ್ದ ರಭಸಕ್ಕೆ ಹೆಡ್‌ಫೋನಿನ ವೈರು ಎಳೆದು ಕೀಬೋರ್ಡು ನೆಲಕ್ಕೆ ಬಿತ್ತು. ಅದನ್ನು ಎತ್ತಿಕೊಳ್ಳದೆ ಅವಳನ್ನೇ ನೋಡಿದ. ಹಣೆಗೆ ಅಂಟಿದ ಕೂದಲು, ಅತ್ತು ಕೆಂಪಾದ ಮೂಗಿನ ತುದಿ, ಎಲ್ಲ ನೋಡಿದ.

“ಎಂತ ರೀ! ನೀವಾ! ಇಲ್ಲಿಗಾ!”

“ಫೋನ್ ಯಾಕ್ರಿ ಆಫ್?”

“ಬೆಳಿಗ್ಗೆ ಒಂದು ನಾಮಕರಣ ಇತ್ತು. ಶೂಟಿಂಗ್ ಮುಗೀತು. ಆಮೇಲೆ ಆನ್ ಮಾಡೋಕೆ ಹೆದರಿಕೆ ಆಯ್ತು. ನೀವು ಏನ್ ಹೇಳ್ತೀರೋ ಅಂತ.”

“ನಾನೇನ್ ಹೇಳ್ಲಿ? ಎಲ್ಲಾ ನೀವೇ ಹೇಳಿದ್ರಲ್ಲ. ಅರ್ಥ ಆಯ್ತು ಬಿಡ್ರಿ.”

“ಅರ್ಥ ಆಯ್ತಾ?” ಅವನ ಮುಖ ಹೂವಿನಂತೆ ಅರಳಿತು. “ಹಂಗಾದ್ರೆ, ಒಪ್ಪಿಗೆನಾ?”

ರಕ್ಷಿತಾಳಿಗೆ ತಲೆ ಗಿರ್ರೆಂದಿತು. ಸಂಬಂಧ ಮುರಿಯೋದಕ್ಕೂ ಯಾರಾದರೂ ಹೀಗೆ ಹಲ್ಲು ಕಿರಿದು ಒಪ್ಪಿಗೆ ಕೇಳುತ್ತಾರಾ?

“ಒಪ್ಪದೆ ಇನ್ನೇನ್ ಮಾಡ್ಲಿ? ಒಬ್ರು ತೀರ್ಮಾನ ಮಾಡಿದ ಮೇಲೆ ಇನ್ನೊಬ್ರು ಜಗ್ಗಾಡೋದು ಚಂದ ಅಲ್ಲ.”

“ಅಬ್ಬ! ನಮ್ಮವ್ವಗೆ ಎಷ್ಟು ಖುಷಿ ಆಗ್ತದೆ ಗೊತ್ತಾ? ಬೆಳಿಗ್ಗೆ ತೋರಿಸ್ದೆ. ಕಣ್ಣಲ್ಲಿ ನೀರು ತಗೊಂಡು ನಕ್ಕಳು.”

“ನಕ್ಕರಾ?” ಈಗ ರಕ್ಷಿತಾಳಿಗೆ ನಿಜವಾಗಿ ಸಿಟ್ಟು ಬಂತು. “ನಾನು ಹೋದೆ ಅಂತ ನಿಮ್ಮವ್ವ ನಕ್ಕರಾ? ಮುಖಾನೂ ನೋಡಿಲ್ಲ, ನಾನೇನ್ ಮಾಡಿದ್ದೆ ಅವರಿಗೆ?”

“ಹೋದ್ರಾ? ಎಲ್ಲಿಗೆ ಹೋದ್ರಿ? ಬಂದ್ರಲ್ಲ! ನಮ್ಮನೆಗೆ!”

“ಯಾವಾಗ ಬಂದೆ ನಾನು? ಹಳದಿ ಹಚ್ಚಿ ಕಳಿಸಿ, ಈಗ ನಾಟಕ ಬ್ಯಾರೆ!”

“ಹಳದಿನಾ?”

ಅವನು ಕಕ್ಕಾಬಿಕ್ಕಿಯಾಗಿ ಕೀಬೋರ್ಡು ಎತ್ತಿಟ್ಟ. ಏನೋ ಒತ್ತಿದ. ಗೋಡೆಯಗಲದ ಮಾನಿಟರಿನಲ್ಲಿ ಅವಳು ಆರತಿ ತಟ್ಟೆ ಹಿಡಿದು ನಡೆದು ಬಂದಳು. ಬಾಗಿಲು ತೆರೆದಿತ್ತು, ರಂಗೋಲಿ ಹಸಿಯಾಗಿತ್ತು, ಚಹಾದ ಹಬೆ ಮೆಲ್ಲಗೆ ಮೇಲೇರಿತು. ಎಲ್ಲವೂ ತಿಳಿನೀಲಿ, ಬೆಳಗಿನ ಜಾವದ ಆಕಾಶದ ಹಾಗೆ.

ರಕ್ಷಿತಾ ತನ್ನ ಫೋನನ್ನು ಮಾನಿಟರಿನ ಪಕ್ಕ ಹಿಡಿದಳು. ಅಲ್ಲಿ ನೀಲಿ. ಇಲ್ಲಿ ಹಳದಿ. ಅವನು ಅವಳ ಕೈಯಿಂದ ಫೋನ್ ತೆಗೆದುಕೊಂಡು, ಮೇಲಿನಿಂದ ಬೆರಳೆಳೆದು ನೋಡಿದ.

“ಕಣ್ಣಿಗೆ ತಂಪು ಮಾಡೋ ಸೆಟ್ಟಿಂಗು ರೀ! ಪರದೆನೇ ಹಳದಿ ಮಾಡ್ತದೆ. ಪೂರಾ ಏರ್ಸಿಟ್ಟಿದಾರೆ. ಯಾರು ಮಾಡಿದ್ದು?”

ಬೆಳಿಗ್ಗೆ ಸೀರಿಯಲ್ ನೋಡಿ ಮುಗಿಸಿ ಫೋನ್ ವಾಪಸ್ ಕೊಡುವಾಗ ಅಮ್ಮ ಅಂದದ್ದು ಅವಳಿಗೆ ಈಗ ಹೊಳೆಯಿತು: ‘ಕಣ್ಣು ಉರೀತಿತ್ತವ್ವ, ಏನೋ ಒತ್ತಿದೆ, ತಂಪಾಯ್ತು.’

“ಅಮ್ಮ...” ಅಂದು ರಕ್ಷಿತಾ ಅಲ್ಲೇ ಸ್ಟೂಲಿನ ಮೇಲೆ ಕುಸಿದಳು.

“ಬೇರೆ ಎಲ್ಲಾನೂ ಹಳದಿ ಕಂಡಿರಬೇಕಲ್ಲ? ವಾಟ್ಸಾಪು, ಫೋಟೋ?”

“ನಿಮ್ಮ ವಿಡಿಯೋ ಬಿಟ್ಟು ನಾನು ಬೇರೆ ಏನ್ ನೋಡಿದೆ?”

ಮಾತು ಬಾಯಿ ದಾಟಿದ ಮೇಲೆ ಅದರ ತೂಕ ಗೊತ್ತಾಯಿತು. ಅವಳು ದುಪಟ್ಟಾದ ಅಂಚು ಸುರುಳಿ ಸುತ್ತತೊಡಗಿದಳು. ಅವನು ಕಿವಿಯವರೆಗೂ ಕೆಂಪಾಗಿ ಅವಳ ಬೆರಳುಗಳನ್ನೇ ನೋಡುತ್ತಾ ನಿಂತ. ಮಾನಿಟರಿನಲ್ಲಿ ಅವಳು ಮತ್ತೆ ಮತ್ತೆ ಅವನ ಮನೆಗೆ ಬರುತ್ತಲೇ ಇದ್ದಳು.

“ನನಗೆ ಇನ್ನೂ ತಲೆ ತಿರುಗ್ತಾ ಐತಿ” ಅಂದಳು ಕೊನೆಗೆ. “ಹಳದಿನೂ ಬ್ಯಾಡ, ನೀಲಿನೂ ಬ್ಯಾಡ ರೀ. ಸೀರಿಯಲ್‌ದೋರು ಬೇಕಾದ್ರೆ ಬಚ್ಚಿಟ್ಟು ಬಚ್ಚಿಟ್ಟು ಹೇಳ್ಲಿ, ಅವರಿಗೆ ನಾಳೆ ಇನ್ನೊಂದು ಎಪಿಸೋಡ್ ಇರ್ತದೆ. ನನಗೆ ಇರೋದು ಇವತ್ತು ಸಂಜೆ. ಈಗಿಂದು ಹೇಳ್ರಿ. ಬಾಯಿ ಬಿಟ್ಟು.”

ಅವನು ಬಾಯಿ ತೆರೆದ. ಮುಚ್ಚಿದ. ಫ್ಯಾನ್ ನೋಡಿದ. ಅಷ್ಟರಲ್ಲಿ ಅವನ ಕೈಯಲ್ಲಿದ್ದ ಅವಳ ಫೋನ್ ರಿಂಗಾಯಿತು. ಅಪ್ಪ.

ರಕ್ಷಿತಾ ಕೈ ಚಾಚಿ ಸ್ಪೀಕರ್ ಒತ್ತಿದಳು. ಅಪ್ಪನ ಗೊಬ್ಬರದ ಅಂಗಡಿಯ ಗದ್ದಲ ಸ್ಟುಡಿಯೋ ತುಂಬಿತು.

“ಎಲ್ಲಿದೀಯವ್ವ? ಹಾವೇರಿಯವರು ಆಗ್ಲೇ ಫೋನ್ ಮಾಡಿದ್ರು. ಏನಂತ ಹೇಳ್ಲಿ?”

ಅವಳು ಸಿದ್ಧಲಿಂಗೇಶನನ್ನು ನೋಡಿದಳು. ರೆಪ್ಪೆ ಬಡಿಯದೆ ನೋಡಿದಳು. “ಅಪ್ಪಾ, ಇಲ್ಲೊಬ್ರು ನಿನ್ನ ಹತ್ರ ಮಾತಾಡಬೇಕಂತೆ.”

ಇನ್ನು ಕಟ್ ಮಾಡುವಂತಿಲ್ಲ, ಮ್ಯೂಸಿಕ್ ಹಾಕುವಂತಿಲ್ಲ. ಅವನು ಗಂಟಲು ಸರಿ ಮಾಡಿಕೊಂಡ.

“ನಮಸ್ಕಾರ ರೀ ಯಜಮಾನ್ರೆ. ನಾನು ಆನವಟ್ಟಿ ಸಿದ್ಧಲಿಂಗೇಶ್. ರಕ್ಷಿತಾ ಅಂದ್ರೆ ನನಗೆ ಇಷ್ಟ ರೀ. ಭಾಳ ಇಷ್ಟ. ಮದುವೆ ಆಗ್ಬೇಕು ಅಂತಿದೀನಿ. ಹಾವೇರಿಯವರಿಗೆ... ಬೇಡ ಅಂತ ಹೇಳ್ರಿ, ದಮ್ಮಯ್ಯ.”

ಆ ಕಡೆ ಯಾರೋ ಯೂರಿಯಾ ಕೇಳುತ್ತಿದ್ದರು. ಟ್ರ್ಯಾಕ್ಟರ್ ಸ್ಟಾರ್ಟ್ ಆಯಿತು, ದೂರ ಹೋಯಿತು.

“ಯಾವ ಸಿದ್ಧಲಿಂಗೇಶ?” ಪರಮಶಿವಪ್ಪನ ಸ್ವರ ನಿಧಾನವಾಗಿತ್ತು. “ನಮ್ಮ ಧನ್ಯಾನ ಮದುವಿ ವಿಡಿಯೋ ತೆಗೆದೋನಾ?”

“ಹೌದ್ರಿ.”

“ಅಲ್ಲೋ ತಮ್ಮ, ಆ ಹುಡುಗಿ ಬಸುರಿ ಆಗಿ ಕುಬುಸ ಮಾಡೋ ಹೊತ್ತು ಬಂತು! ಮದುವಿ ವಿಡಿಯೋ ಇನ್ನೂ ಕೊಟ್ಟಿಲ್ಲ ನೀನು! ನನ್ನ ತಮ್ಮ ದಿನಾ ಅಂಗಡಿಗೆ ಬಂದು ನಿನ್ನ ಹೆಸರು ಹಿಡಿದು ಬೈತಾನೆ. ಅಂಥೋನು ನನ್ನ ಮಗಳನ್ನ ಕೇಳ್ತೀಯಾ?”

ಸಿದ್ಧಲಿಂಗೇಶ್ ಫೋನನ್ನು ಅವಳ ಕಡೆ ಚಾಚಿದ.

“ರಕ್ಷಿತಾ, ನೀನೇನಂತೀ?”

“ಅವರು ಹೇಳಿದ್ದನ್ನೇ ನಾನೂ ಹೇಳ್ತೀನಪ್ಪ” ಅಂದಳು.

ಉದ್ದನೆಯ ನಿಟ್ಟುಸಿರು ಕೇಳಿತು. “ಹಾವೇರಿಯವರಿಗೆ ಬ್ಯಾಡ ಅಂತೀನಿ. ಹಂಗಂತ ಇವನಿಗೆ ಹೂಂ ಅಂದೆ ಅಂತ ತಿಳ್ಕೋಬ್ಯಾಡ. ಏನೋ ತಮ್ಮ, ಭಾನುವಾರ ನಿಮ್ಮವ್ವನ್ನ ಕರ್ಕೊಂಡು ಬಾ. ಆ ವಿಡಿಯೋನೂ ತಗೊಂಡು ಬಾ. ಅದಿಲ್ದೆ ನನ್ನ ಹೊಸ್ತಿಲು ತುಳೀಬ್ಯಾಡ.”

ಫೋನ್ ಕಟ್ ಆಯಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು, ನಗಬೇಕೋ ಅಳಬೇಕೋ ತಿಳಿಯದಾದರು. ಮೊದಲು ನಕ್ಕವಳು ರಕ್ಷಿತಾ.

“ಅಲ್ರಿ, ನಮ್ಮ ಚಾನೆಲ್ ವಿಡಿಯೋ ರಾತ್ರೋರಾತ್ರಿ ಮುಗಿಸ್ತೀರಿ. ಧನ್ಯಾಂದು ಯಾಕ್ರಿ ಇನ್ನೂ ಕೊಟ್ಟಿಲ್ಲ?”

“ಅದು... ಆಗ್ತಿಲ್ಲ ರೀ.”

“ಏನಾಗ್ತಿಲ್ಲ?”

ಅವನು ಅಪರಾಧಿಯಂತೆ ಇನ್ನೊಂದು ಫೈಲ್ ತೆರೆದ. ಮಾನಿಟರಿನಲ್ಲಿ ಅಕ್ಷತೆಯ ಹೊತ್ತು: ಕೈತುಂಬ ಅಕ್ಕಿ ಹಿಡಿದು ಕಣ್ಣರಳಿಸಿ ನಿಂತ ರಕ್ಷಿತಾ. ತಾಳಿ ಕಟ್ಟುವ ಹೊತ್ತು: ಮೂಗು ಒರೆಸಿಕೊಳ್ಳುತ್ತಿರುವ ರಕ್ಷಿತಾ. ಊಟದ ಹೊತ್ತು: ತುಪ್ಪ ಬಡಿಸುತ್ತಾ ಯಾರನ್ನೋ ಗದರುತ್ತಿರುವ ರಕ್ಷಿತಾ.

“ಧನ್ಯಾ ಎಲ್ರಿ?”

“ಅಲ್ಲಿ.” ಅವನು ಪರದೆಯ ಮೂಲೆಗೆ ಬೆರಳು ತೋರಿಸಿದ. “ನಿಮ್ಮ ಭುಜದ ಹಿಂದೆ. ಅರ್ಧ ಕಾಣ್ತಾರೆ.”

ರಕ್ಷಿತಾ ಬಾಯಿ ಮೇಲೆ ಕೈ ಇಟ್ಟುಕೊಂಡಳು.

“ಪ್ರತಿ ಸಲ ಕೂತಾಗಲೂ ನಿಮ್ಮನ್ನ ತೆಗೆದು ಮದುಮಗಳನ್ನ ಹಾಕುವ ಅಂತಲೇ ಕೂತ್ಕೊಳ್ತೀನಿ. ಕತ್ತರಿಸೋಕೆ ಕೈ ಬರಲ್ಲ ರೀ.”

ಅವಳು ಸ್ಟೂಲು ಎಳೆದುಕೊಂಡು ಅವನ ಪಕ್ಕ ಕೂತಳು. ಮೌಸಿನ ಮೇಲಿದ್ದ ಅವನ ಕೈ ಮೇಲೆ ತನ್ನ ಕೈ ಇಟ್ಟಳು. ಅವನು ಕೈ ಎಳೆದುಕೊಳ್ಳಲಿಲ್ಲ.

“ಭಾನುವಾರದ ಒಳಗೆ ಮದುಮಗಳನ್ನ ಹುಡುಕೋಣ, ನಡೀರಿ” ಅಂದಳು. ತಾನೇ ತನ್ನನ್ನು ಒಂದೊಂದಾಗಿ ಅಳಿಸುತ್ತಾ ಹೋದಳು. ಒಂದೊಂದಕ್ಕೂ ಅವನು ಪಕ್ಕದಿಂದ ಸಣ್ಣ ಸ್ವರದಲ್ಲಿ ಗೋಗರೆಯುತ್ತಿದ್ದ:

“ಅಯ್ಯೋ, ಅದೊಂದು ಇರ್ಲಿ ರೀ.”